ದಿನಾ ಒಪ್ಪತ್ತು

ಸಿದ್ದಾಪುರ
೧೪-೨-೨೦೦೨

ನನ್ನ ಮುದ್ದು ಪರಿಮಳಾ,

ಅಮ್ಮನ ಆಶೀರ್ವಾದ. ನಿನ್ನ ಎರಡೂ ಪತ್ರ ಬಂದಿವೆ. ಉತ್ತರ ಬರೀಲಿಲ್ಲ ಅಂತ ಮುನಿಸ್ಕೋಬೇಡ ಮಾರಾಯ್ತಿ, ಮದುವೆ ಕಾಲ, ಬೇಕರೀಲಿ ಕೈಗೆ ಬಿಡುವಿಲ್ಲ. ಫೋನಲ್ಲಿ ಮಾತಾಡೋಣ ಅಂದ್ರೆ ನಿನ್ನಪ್ಪ ಎದುರಿಗೇ ಕೂತಿರ್ತಾರೆ.

ಎರಡರಲ್ಲೂ ನೀನು ಕೇಳಿದ್ದು ಒಂದೇ, ಎದೆಯ ಗಂಟು ತೆಗೆಸಿದ್ಯಾ ಅಂತ. ಶಿರಸಿ ಡಾಕ್ಟರು ಬೇಗ ಹುಬ್ಬಳ್ಳಿಗೆ ಹೋಗಿ ಅಂದದ್ದು ನಿಜ, ನಾನು ಹೂಂ ಅಂದದ್ದೂ ನಿಜ. ಆದ್ರೆ ಕುಯ್ಯಿಸಿಕೊಳ್ಳೋದು ಅಂದ್ರೆ ನನಗೆ ಭಯ. ಹೇರೂರು ಚಿಕ್ಕಮ್ಮನನ್ನ ಕುಯ್ದು ಮನೆಗೆ ತಂದಿದ್ದು ಹೇಗೆ ಅಂತ ನೋಡಿದವಳು ನಾನು. ನಿನ್ನ ಥೀಸಿಸ್ ಮುಗೀಲಿ, ಆಮೇಲೆ ನೋಡೋಣ.

ದೀಪಾವಳಿಗೆ ಬಂದಾಗ, ನಾನು ಬ್ರೆಡ್ಡಿನ ಹಿಟ್ಟು ನಾದ್ತಾ ಇದ್ರೆ ಪಕ್ಕದಲ್ಲಿ ಕೂತು ಪಾಠ ಮಾಡಿದ್ಯಲ್ಲ, ನೆನಪಿದ್ಯಾ? ಯೀಸ್ಟಿನ ಒಂದೊಂದು ಕಣದೊಳಗೂ ಒಂದು ಜೀನ್ ಇದೆ, ಊಟ ಇದ್ದಾಗ 'ಬೆಳಿ' ಅನ್ನುತ್ತೆ, ಊಟ ಮುಗಿದ್ರೆ ಸುಮ್ಮನಾಗುತ್ತೆ, ಆಗ ಕಣ ಬೆಳೆಯೋದು ನಿಲ್ಲಿಸಿ ತೆಪ್ಪಗೆ ಕೂರುತ್ತೆ ಅಂದೆ. ನಮ್ಮ ಮೈಯಲ್ಲೂ ಅಂಥದ್ದೇ ಒಂದಿದೆ ಅಂದೆ. ಅದರ ಹೆಸರು ಟಾರ್ ಅಂದಾಗ ನಿನ್ನಪ್ಪ, "ರಸ್ತೆಗೆ ಹಾಕೋದಾ?" ಅಂತ ನಕ್ಕರು. ನಾನು ನಗಲಿಲ್ಲ. ನನ್ನ ಮಗಳು ಇಷ್ಟೆಲ್ಲ ಓದಿದಳಲ್ಲ ಅಂತ ಖುಷಿಯಲ್ಲಿ ಕಣ್ಣು ತುಂಬಿತ್ತು.

ಈಗ ನನಗೆ ಮೊದಲಿನ ಹಾಗೆ ಸೋಮವಾರ ಮಾತ್ರ ಅಲ್ಲ, ದಿನಾ ಒಪ್ಪತ್ತು. ಅದೂ ಒಂದು ಲೋಟ ಗಂಜಿ. ಶಿರಸಿ ಅಮ್ಮನಿಗೆ ಹರಕೆ ಅಂತ ಹೇಳಿದೀನಿ. ಹರಕೆ ಅಂದ್ಮೇಲೆ ಉಣ್ಣು ಅನ್ನೋಕೆ ಯಾರಿಗೂ ಬಾಯಿ ಬರಲ್ಲ. ಮೊನ್ನೆ ಕೋಲಸಿರ್ಸಿಯಿಂದ ದುರ್ಗಿ ಅತ್ತೆ ಬಂದವಳು, "ಎಂತ ಆಯ್ತು ಅತ್ತಿಗೆ ನಿಂಗೆ? ಕೋಲಿಗೆ ರವಿಕೆ ತೊಡಿಸಿದಂಗೆ ಕಾಣ್ತದೆ" ಅಂತ ಅತ್ತೇಬಿಟ್ಟಳು. ಬೈದು ಕಳಿಸಿದೆ. ನಿನ್ನಪ್ಪ ನನ್ನ ತಟ್ಟೆ ಕವುಚಿದ್ದು ನೋಡಿ ತಾವೂ ಅರ್ಧಕ್ಕೇ ಕೈ ತೊಳೀತಾರೆ. ಅದೊಂದು ಸಂಕಟ ನನಗೆ ತಡೆಯೋಕಾಗಲ್ಲ.

ಪುಣೆಯಲ್ಲಿ ಚಳಿ ಇದ್ರೆ ಸ್ವೆಟರ್ ಹಾಕ್ಕೋ. ಹೊಟ್ಟೆ ತುಂಬ ಉಣ್ಣು. ಓದಿ ದೊಡ್ಡವಳಾಗು, ನೂರು ವರ್ಷ ಬಾಳು ಮಗಳೇ.

ನಿನ್ನ ಅಮ್ಮ,
ಸೀತಮ್ಮ

ತಾ.ಕ.: ಹರಕೆ ಸುಳ್ಳು. ದೇವರ ಹೆಸರಲ್ಲಿ ಸುಳ್ಳು ಹೇಳಿದೆ. ಊಟ ನಿಲ್ಲಿಸಿದ್ರೆ ಗಂಟೂ ತೆಪ್ಪಗೆ ಕೂರುತ್ತೆ ಅಂದ್ಕೊಂಡೆ. ನಾನು ಕರಗಿದೆ, ಅದು ಕರಗಲಿಲ್ಲ. ಆಗ ಅಡಿಕೆಯಷ್ಟಿತ್ತು. ಈಗ ಕಂಕುಳಲ್ಲೂ ಇನ್ನೊಂದು ಕೈಗೆ ಸಿಗುತ್ತೆ. ಅವತ್ತು ನೀನು ಇನ್ನೂ ಏನೋ ಹೇಳೋಕೆ ಹೊರಟಿದ್ದೆ: ಆ ಜೀನ್ ಕೆಟ್ಟ ಯೀಸ್ಟೂ ಇರುತ್ತೆ, ಅದು ಊಟ ಇಲ್ದಿದ್ರೂ ನಿಲ್ಲೋದೇ ಇಲ್ಲ ಅಂತ. ಅಷ್ಟರಲ್ಲಿ ಗಿರಾಕಿ ಬಂದರು, ನಾನು ಎದ್ದು ಹೋದೆ. ಆಮೇಲೆ ಅದು ಏನಾಗುತ್ತೆ? ನಿನ್ನಪ್ಪನಿಗೆ ಹೇಳಬೇಡ, ನನಗೆ ಬರಿ.