ಮುಂಬಾಗಿಲ ಪಕ್ಕದ ಬಿರುಕು

ರೀ,

ಅತ್ತೆಯನ್ನೂ ಮಕ್ಕಳನ್ನೂ ಕರೆದುಕೊಂಡು ಅಕ್ಕನ ಮನೆಗೆ ಹೋಗ್ತಿದ್ದೀನಿ. ನಿಮ್ಮ ಊಟದ ಡಬ್ಬಿ ಗೇಟಿನ ಹತ್ತಿರ ಇಟ್ಟಿಗೆ ಮೇಲಿದೆ. ಅಲ್ಲೇ ಕೂತು ತಿನ್ನಿ.

ಮಲಗೋ ಕೋಣೆ ಬಾಗಿಲು ಮುಚ್ಚೋಕೆ ಬರ್ತಿಲ್ಲ. ನಿನ್ನೆವರೆಗೂ ಸರಿಯಾಗಿತ್ತು.

ಹೊಸ ತಾರಸಿಗೆ ಆಸರೆ ಕೊಟ್ಟ ಸೆಂಟ್ರಿಂಗ್ ಕಂಬ ಇಪ್ಪತ್ತೊಂದು ದಿನ ಮುಟ್ಟಬೇಡಿ ಅಂತ ಮೇಸ್ತ್ರಿ ಬಡ್ಕೊಂಡ್ರು. ಮೇಲಿನ ಮಹಡಿಗೆ ಬೇಕು ಅಂತ ನೀವು ಹನ್ನೆರಡನೇ ದಿನಕ್ಕೇ ಬಿಚ್ಚಿಸಿದ್ರಿ. ನಾನು ಬೇಡ ಅಂದಿದ್ದಕ್ಕೆ ನಿನಗೇನು ಗೊತ್ತು ಅಂದ್ರಿ. ಇವತ್ತು ಮೇಸ್ತ್ರಿ ಬಂದು ತಾರಸಿ ನೋಡಿದ್ರು, ಗೋಡೆ ನೋಡಿದ್ರು. ಸಾಮಾನು ಚೀಲಕ್ಕೆ ತುಂಬಿಕೊಂಡು ಹೋದ್ರು.

ಈ ಚೀಟಿಯನ್ನ ಬಿರುಕಿಗೆ ಅಡ್ಡವಾಗಿ ಗೋಂದು ಹಚ್ಚಿ ಅಂಟಿಸಿದ್ದೀನಿ. ಓದುವಾಗ ಹರಿದಿದ್ದರೆ ದಯವಿಟ್ಟು ಒಳಗೆ ಕಾಲಿಡಬೇಡಿ.

ಬೆಳಿಗ್ಗೆ ಅಂಟಿಸಿದ್ದು ಆಗಲೇ ಹರೀತು. ಇದು ಎರಡನೇದು.