ಈಗಿನ ಅಳತೆ

ಎನ್.ಆರ್. ಕಾಲೋನಿ, ಬೆಂಗಳೂರು
೧೨ ಆಗಸ್ಟ್ ೨೦೦೭, ಭಾನುವಾರ

ಪ್ರೀತಿಯ ಶಂಕರ್,

ಹೇಗಿದ್ದೀರಿ? ಗಣೇಶಗುಡಿಯಲ್ಲಿ ಮಳೆ ಇನ್ನೂ ಬಿಟ್ಟಿಲ್ಲವೆಂದು ಪೇಪರಿನಲ್ಲಿ ನೋಡಿದೆ. ಕೆಮ್ಮು ಕಡಿಮೆಯಾಯಿತೇ? ಕ್ವಾರ್ಟರ್ಸಿನ ಗೋಡೆ ಒದ್ದೆಯಾಗಿದ್ದರೆ ಮಂಚವನ್ನು ಕೋಣೆಯ ನಡುವಿಗೆ ಎಳೆದುಕೊಳ್ಳಿ ಎಂದು ಹೋದ ಸಲವೇ ಹೇಳಿದ್ದೆ. ನೀವು ಎಳೆದುಕೊಂಡಿರಲಿಕ್ಕಿಲ್ಲ. ಅತ್ತೆ ಹಾಗೇ ಇದ್ದಾರೆ. ಬಲಗೈ, ಬಲಗಾಲು ಏಳುವುದಿಲ್ಲ, ಮಾತು ಮಾತ್ರ ಪೂರ್ತಿ ಮರಳಿದೆ. ನಾನು ಬ್ಯಾಂಕಿಗೆ ಹೋದಾಗ ಅವರನ್ನು ನೋಡಿಕೊಳ್ಳುವ ಚಿಕ್ಕಮುನಿಯಮ್ಮನ ಮೇಲೆ ಮೊನ್ನೆ ಇಡ್ಲಿಗೆ ಉಪ್ಪು ಕಡಿಮೆಯೆಂದು ರೇಗಿದರು. ಅವಳೂ ಸುಮ್ಮನಿರುವವಳಲ್ಲ, "ನಿಮ್ ನಾಲಿಗೆಗೊಂದು ಲಕ್ವ ಹೊಡೀಲಿಲ್ವಲ್ಲಜ್ಜಿ" ಅಂದಳು. ಇಬ್ಬರೂ ನಕ್ಕರು. ನನಗೆ ನಗು ತಡವಾಗಿ ಬಂತು. ಈಚೆಗೆ ನನಗೆ ಎಲ್ಲವೂ ತಡವಾಗಿಯೇ ಬರುತ್ತದೆ.

ಫೋನು ಅತ್ತೆಯ ತಲೆದಿಂಬಿನ ಪಕ್ಕದಲ್ಲೇ ಇರುವುದರಿಂದ ಇದನ್ನು ಬರೆದು ತಿಳಿಸುತ್ತಿದ್ದೇನೆ. ನಾನೊಂದು ಹೊಸ ಸರ್ಫ್‌ಬೋರ್ಡ್ ಮಾಡಿಸುತ್ತಿದ್ದೇನೆ. ನಗಬೇಡಿ. ನಲವತ್ತಾರನೇ ವಯಸ್ಸಿನಲ್ಲಿ ಇದೇನು ಎಂದು ನನ್ನನ್ನು ನಾನೇ ಕೇಳಿಕೊಂಡಾಗಿದೆ. ಮಂಗಳೂರಿನಲ್ಲಿದ್ದಾಗ ಪಕ್ಕದ ಮನೆಯ ಫ್ರೆಂಚ್ ಟೀಚರ್ ಊರಿಗೆ ಹೊರಡುವಾಗ ಬಿಟ್ಟುಹೋದ ಬೋರ್ಡಿನ ಮೇಲೆ ನಾನು ಅಲೆಯಲ್ಲಿ ಎದ್ದು ನಿಲ್ಲಲು ಕಲಿತದ್ದು ನಿಮಗೆ ನೆನಪಿರಬೇಕು. ಆಗ ಮೂವತ್ತೈದು. ನೀವು ದಡದಲ್ಲಿ ನನ್ನ ಟವೆಲನ್ನು ತೊಡೆಯ ಮೇಲಿಟ್ಟುಕೊಂಡು ಪೇಪರ್ ಓದುತ್ತಿದ್ದಿರಿ, ನಾನು ಕೂಗಿದರೆ ಮಾತ್ರ ತಲೆಯೆತ್ತುತ್ತಿದ್ದಿರಿ. ಇಲ್ಲಿಗೆ ವರ್ಗವಾಗಿ ಬಂದ ಮೇಲೂ ರಜೆ ಹೊಂದಿಸಿಕೊಂಡು ಮುಲ್ಕಿಗೆ ಹೋಗಿಬರುತ್ತಿದ್ದೆ. ಅತ್ತೆ ಹಾಸಿಗೆ ಹಿಡಿದ ಮೇಲೆ, ಈ ಮೂರು ವರ್ಷದಲ್ಲಿ, ಒಮ್ಮೆಯೂ ಹೋಗಿಲ್ಲ. ಜೂನ್‌ನಲ್ಲಿ ಅಟ್ಟ ಗುಡಿಸಲು ಬೋರ್ಡನ್ನು ಇಳಿಸಿದೆ. ನಡುವೆ ಉದ್ದಕ್ಕೂ ಸೀಳಿತ್ತು. ಅದನ್ನು ಎಸೆದುಬಿಟ್ಟರೆ ಒಂದು ಯೋಚನೆ ಮುಗಿಯುತ್ತದೆ ಅಂದುಕೊಂಡೆ. ಎಸೆಯಲಿಲ್ಲ, ಅಷ್ಟೆ.

ಮುಲ್ಕಿಯಲ್ಲಿ ದೋಣಿಗಳಿಗೆ ಫೈಬರ್ ಹಚ್ಚುತ್ತಿದ್ದ ವರದರಾಜ ಅವರು ಈಗ ಸರ್ಫ್‌ಬೋರ್ಡನ್ನೂ ಮಾಡಿಕೊಡುತ್ತಾರೆ. ಫೋಮಿನ ದಿಮ್ಮಿಯನ್ನು ಕೈಯಲ್ಲೇ ಕೆತ್ತಿ, ಆಮೇಲೆ ಮೇಲೆ ಫೈಬರ್ ಹೊದಿಸುತ್ತಾರೆ. ಪ್ರತಿಯೊಬ್ಬರಿಗೂ ಅವರವರ ಅಳತೆಗೆ. ಅಳತೆ ಎಂದ ಕೂಡಲೇ ನಾನು ಮಾಡಿದ್ದೇನು ಗೊತ್ತೇ? ಟೇಪು ಹಿಡಿಸಿಕೊಳ್ಳುವುದೆಂದರೆ ನನಗೆ ಮೊದಲಿಂದಲೂ ಆಗದು. ಗಾಂಧಿ ಬಜಾರಿನ ಟೈಲರಿಗೆ ಹಳೆಯ ಅಳತೆ ಬ್ಲೌಸ್ ಕೊಟ್ಟು "ಇದೇ ಥರ" ಎಂದು ಹೇಳಿ ಬರುವವಳು, ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಳ್ಳುವ ಕೆಲಸ ಆಮೇಲೆ ಮನೆಯಲ್ಲಿ. ಹಾಗೇ ಆ ಸೀಳಿದ ಬೋರ್ಡನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಕಲಾಸಿಪಾಳ್ಯದಿಂದ ಲಾರಿಗೆ ಹಾಕಿ ಮುಲ್ಕಿಗೆ ಕಳಿಸಿಬಿಟ್ಟೆ, ಇದೇ ಥರ ಇನ್ನೊಂದು ಮಾಡಿ ಎಂದು. ಪಾರ್ಸೆಲ್ ಆಫೀಸಿನವನು ಬೆಡ್‌ಶೀಟು ಸರಿಸಿ ನೋಡಿ, "ಏನಕ್ಕಾ ಇದು, ಇಸ್ತ್ರಿ ಮೇಜಾ? ಕಾಲೆಲ್ಲಿ?" ಅಂದ.

ಬುಧವಾರ ವರದರಾಜ ಅವರ ಫೋನು ಬಂತು. "ಎಂತ ಮೇಡಂ, ಇದೇನು ರವಕೆಯಾ ಅಳತೆಗೆ ಕಳಿಸ್ಲಿಕ್ಕೆ? ಈ ಬೋರ್ಡಿನ ಮೇಲೆ ನಿಂತವರಿಗೆ ಈಗ ಎಷ್ಟು ವಯಸ್ಸು, ಎಷ್ಟು ತೂಕ, ಅದು ಹೇಳಿ ಮಾರಾಯ್ರೆ." ಹೇಳಿದೆ. ಆಗಿನದಕ್ಕಿಂತ ಹದಿಮೂರು ಕಿಲೋ ಹೆಚ್ಚು. ಎಡ ಭುಜ ಮೇಲೆ ಹೋಗುವುದಿಲ್ಲ. ಅದು ಅತ್ತೆಯನ್ನು ಎತ್ತಿ ಎತ್ತಿ ಆದದ್ದೆಂದು ಮಾತ್ರ ಹೇಳಲಿಲ್ಲ. ಏಳುವಾಗ ಮಂಡಿಯೂರದೆ ಆಗದು. ಅವರು ಒಂದಕ್ಕೂ ಅಯ್ಯೋ ಎನ್ನದೆ ಎಲ್ಲ ಕೇಳಿಸಿಕೊಂಡು, ಹಾಗಾದರೆ ಉದ್ದ ಒಂಬತ್ತಡಿ, ಅಗಲ ಇಪ್ಪತ್ಮೂರು ಇಂಚು, ಎದೆಯ ಕೆಳಗೆ ಬರುವ ಜಾಗದಲ್ಲಿ ದಪ್ಪ ಮೂರಿಂಚು, ಅಷ್ಟಿದ್ದರೆ ಕೈ ಕಡಿಮೆ ಬೀಸಿದರೂ ಬೋರ್ಡು ತಾನೇ ಅಲೆಯನ್ನು ಹಿಡಿಯುತ್ತದೆ ಎಂದರು. ನಾನು ಒಂದೊಂದನ್ನೂ ಗಟ್ಟಿಯಾಗಿ ತಿರುಗಿ ಹೇಳಿ ಬರೆದುಕೊಳ್ಳುತ್ತಿದ್ದೆ. ಅತ್ತೆ ಕಣ್ಣು ಮುಚ್ಚಿಕೊಂಡೇ, "ನಂಗಾ ಅದು? ಒಂಬತ್ತಡಿ ಯಾಕೇ ಧನಾ, ಐದಡಿ ಚಟ್ಟ ಸಾಕು ನಂಗೆ" ಅಂದರು. ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು ಎಷ್ಟೋ ಹೊತ್ತು ನಕ್ಕೆ. ಆಮೇಲೆ ಅತ್ತೆಯೂ ನಕ್ಕರು, ಅವರ ಅರ್ಧ ಬಾಯಲ್ಲಿ.

ಬೋರ್ಡಿನ ಮೇಲೆ ಹೆಸರು ಬೇಕೇ ಎಂದೂ ವರದರಾಜ ಅವರು ಕೇಳಿದರು. ನಮ್ಮ ಮನೆಯ ಪಾತ್ರೆಗಳೆಲ್ಲದರ ಮೇಲೂ ಮಾವನವರ ಹೆಸರಿದೆ, ಇಪ್ಪತ್ತು ವರ್ಷದಿಂದ ಅವನ್ನು ತೊಳೆದಿಟ್ಟಿದ್ದೇನೆ, ನನ್ನ ಹೆಸರಿನ ಒಂದು ಲೋಟವೂ ಇಲ್ಲ. ಇದು ದೂರಲ್ಲ, ಅವರು ಕೇಳಿದಾಗ ಹೊಳೆಯಿತು. ಬೇಕು ಎಂದೆ.

ಕೊನೆಗೆ ಅವರು, "ವರ್ಷಕ್ಕೆ ಎಷ್ಟು ಸಲ ನೀರಿಗಿಳಿತೀರಿ?" ಎಂದರು. ಅತ್ತೆ ಕೇಳಿಸಿಕೊಳ್ಳುತ್ತಿದ್ದಾರೆ. ಮೂರು ವರ್ಷದಿಂದ ಇಳಿದಿಲ್ಲ ಎಂದರೆ ಯಾಕೆಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ತಿಂಗಳಿಗೊಂದು ಸಲ ಎಂದುಬಿಟ್ಟೆ. "ಹಾಗಾದ್ರೆ ಅಭ್ಯಾಸ ಉಂಟು, ಇಷ್ಟು ದಪ್ಪ ಬೇಡ" ಎಂದು ಅವರು ಎಲ್ಲ ಅಳತೆಯನ್ನೂ ಇಳಿಸತೊಡಗಿದರು. ಸುಳ್ಳಿನ ಮೇಲೆ ಕೆತ್ತಿದ ಬೋರ್ಡು ನೀರಿನಲ್ಲಿ ನನ್ನನ್ನು ಹೊರುವುದಿಲ್ಲವಲ್ಲ. ಮಾರನೇ ದಿನ ಬ್ಯಾಂಕಿನಿಂದ ಬರುವಾಗ ಡಿ.ವಿ.ಜಿ. ರಸ್ತೆಯ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ ನಿಜ ಹೇಳಿದೆ. "ಬೇಜಾರು ಮಾಡ್ಬೇಡಿ ಮೇಡಂ. ನೀರಿಗೇ ಬಾರದವರಿಗೆ ನಾನು ಬೋರ್ಡು ಕೆತ್ತುದಿಲ್ಲ. ಅದು ಗೋಡೆಗೆ ಒರಗಿ ಕೂತ್ಕೊಳ್ತದೆ, ನಂಗೆ ನೋಡ್ಲಿಕ್ಕಾಗುದಿಲ್ಲ. ಇನ್ನು ಮುಂದೆ ಎಷ್ಟು ಸಲ ಬರ್ತೀರಿ, ಯೋಚನೆ ಮಾಡಿ ಸೋಮವಾರ ಹೇಳಿ." ಆ ಮನುಷ್ಯನಿಗೆ ಎಷ್ಟು ದುರಹಂಕಾರ ಎಂದು ನನಗನ್ನಿಸಿತು. ಮನೆಗೆ ನಡೆದು ಬರುವಷ್ಟರಲ್ಲಿ ಹಾಗನ್ನಿಸಲಿಲ್ಲ.

ಮೂರು ದಿನದಿಂದ ಅದೇ ಯೋಚನೆ. ನಾನು ಇನ್ನು ಸಮುದ್ರಕ್ಕೆ ಹೋಗುವವಳೋ, ಒಂದು ಕಾಲದಲ್ಲಿ ಹೋಗುತ್ತಿದ್ದವಳೋ? ನನಗೆ ಬೇಕಾದದ್ದು ಅಲೆಯೋ, ಈ ಮನೆಯಿಂದ ಹೊರಗೆ ಒಂದಿಷ್ಟು ನಿದ್ದೆಯೋ? ಅತ್ತೆಯ ಮೇಲೆ ನನಗೆ ಸಿಟ್ಟಿಲ್ಲ. ನಿಮ್ಮ ಮೇಲಿದೆಯೇ ಎಂದು ಕೇಳಿಕೊಂಡೆ. ನೀವು ಬಂದಾಗಲೆಲ್ಲ ಅವರ ತಲೆ ಸವರಿ, ಹಣ್ಣು ಸುಲಿದುಕೊಟ್ಟು, "ಧನ ಇದ್ದಾಳಲ್ಲ" ಎಂದು ಬಸ್ಸು ಹತ್ತುತ್ತೀರಿ. ಹೊಗಳಿಕೆಯೆಂದೇ ಹೇಳುತ್ತೀರಿ, ಬಲ್ಲೆ. ಸುಸ್ತಾಗಿದೆ, ಶಂಕರ್. ಬೇರೆ ಮಾತು ಹುಡುಕಿದೆ, ಸಿಗಲಿಲ್ಲ.

ಆರೋಗ್ಯ ನೋಡಿಕೊಳ್ಳಿ. ಅತ್ತೆ ನಿಮಗೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ, ಜೊತೆಗೆ ಗಡ್ಡ ಬೋಳಿಸಿಕೊಂಡು ಬರಬೇಕಂತೆ.

ನಿಮ್ಮ,
ಧನಲಕ್ಷ್ಮಿ

ಮರೆತೆ: ಇದು ಸೋಮವಾರ ಬೆಳಿಗ್ಗೆ, ಅಂಚೆಗೆ ಹಾಕುವ ಮುಂಚೆ ಬರೆಯುತ್ತಿದ್ದೇನೆ. ವರದರಾಜ ಅವರಿಗೆ ಹೇಳಿದೆ, ವರ್ಷಕ್ಕೆ ನಾಲ್ಕು ಸಲ, ಒಂದೊಂದು ಸಲಕ್ಕೆ ಒಂದು ವಾರ. ಒಂಬತ್ತಡಿಯದನ್ನೇ ಇಂದು ಕೆತ್ತಲು ಶುರು ಮಾಡುತ್ತಾರೆ. ಅಕ್ಟೋಬರ್ ಆರರ ಶನಿವಾರ ರಾತ್ರಿಯ ಬಸ್ಸಿಗೆ ಹೋಗುತ್ತೇನೆ, ನೀವು ಆ ವಾರ ಪೂರ್ತಿ ರಜೆ ಹಾಕಿ. ಚಿಕ್ಕಮುನಿಯಮ್ಮ ಹಗಲು ಮಾತ್ರ ಇರುತ್ತಾಳೆ. ಸಾಧ್ಯವಾದರೆ ಶುಕ್ರವಾರವೇ ಬನ್ನಿ. ಅತ್ತೆಯನ್ನು ನೋವಾಗದಂತೆ ಮಗ್ಗುಲು ತಿರುಗಿಸುವುದು ಹೇಗೆಂದು ನಿಮಗೆ ಕಲಿಸಬೇಕು. ಮೊದಲು ಅವರ ಬಲಗೈಯನ್ನು ಎದೆಯ ಮೇಲಿಡಬೇಕು, ಆಮೇಲೆ ಬೆನ್ನಿನ ಕೆಳಗೆ ಕೈ ಹಾಕಬೇಕು.