ನೀವು ಹೇಳಿದ್ದು ಎಷ್ಟು, ಡಾಕ್ಟರಮ್ಮ?

ಸಿದ್ಧಕಟ್ಟೆ, 1964

ಮೂಡುಬಿದಿರೆಯ ಡಾಕ್ಟರ್ ದಮಯಂತಿ ಅಮ್ಮನವರಿಗೆ ಪದ್ಮಾಕ್ಷಿ ಟೀಚರ್ ಮಾಡುವ ನಮಸ್ಕಾರ. ಬರೆದೆ, ಆದರೆ ಮನಸ್ಸು ಇನ್ನೂ ಪೂರ್ತಿ ಕೈಮುಗಿದಿಲ್ಲ.

ಹೆರಿಗೆಯಾದ ಮೇಲೆ ನಿದ್ದೆ ಬಾರದೆ ನಿಮ್ಮಲ್ಲಿಗೆ ಬಂದವಳು ನಾನು. "ಇಲ್ಲಿ ಆಡಿದ್ದು ನಮ್ಮೊಳಗೇ ಇರ್ತದೆ, ಹೆದರಬೇಡಿ" ಎಂದಿರಿ. ನಂಬಿ ಎರಡು ಮಾತು ಹೇಳಿದೆ. ಮಗುವನ್ನು ಎತ್ತಿಕೊಂಡಾಗಲೆಲ್ಲ ಬಾವಿಗೆ ಹಾಕಿಬಿಡು ಎಂದು ಒಳಗಿಂದ ಯಾರೋ ಹೇಳಿದ ಹಾಗಾಗುತ್ತದೆ ಎಂದೆ. ಇನ್ನೊಂದು, ಮದುವೆಗೆ ಮುಂಚೆ ಟ್ರೈನಿಂಗಿನಲ್ಲಿ ಜತೆಗೆ ಓದಿದ ಅಬ್ದುಲ್ ಮಜೀದರ ಮೇಲೆ ಮನಸ್ಸಿಟ್ಟಿದ್ದ ಸಂಗತಿ. ಅವರಿಗೀಗ ಬಂಟ್ವಾಳದಲ್ಲಿ ಬಟ್ಟೆ ಅಂಗಡಿ ಉಂಟು.

ನಾನು ಮನೆಗೆ ಬಂದ ಮರುದಿನವೇ ನನ್ನವರು ಬಾವಿಗೆ ಹಲಗೆ ಹಾಕಿಸಿದರು. ಕೇಳಿದರೆ, "ಎಲೆ ಬೀಳ್ತದೆ" ಎಂದರು. ಅತ್ತೆ ಮಗುವನ್ನು ನನ್ನ ಕೈಗೆ ಕೊಡಲೇ ಇಲ್ಲ. "ನೀನು ಮಲಗು, ನಾನು ಮೀಯಿಸ್ತೇನೆ" ಎನ್ನುವರು. ಆಗಲೇ ನಿಮ್ಮ ಮೇಲೆ ಸಂಶಯ ಬಂತು. ಬಸ್ಸಿನ ಕಂಡಕ್ಟರ್ ನಕ್ಕರೂ ಇವನಿಗೂ ಗೊತ್ತು ಎನಿಸುತ್ತಿತ್ತು.

ಗಂಡನನ್ನು ಹಿಡಿದು ಕೇಳಿದೆ. "ಡಾಕ್ಟರಮ್ಮ ನನ್ನನ್ನು ಕರೆದು, ಮಗುವಿನ ಹತ್ತಿರ ಇವಳೊಬ್ಬಳನ್ನೇ ಬಿಡಬೇಡಿ, ಬಾವಿ ಮುಚ್ಚಿಸಿ ಅಂದರು. ಯಾಕೆ ಅಂತ ಹೇಳಲಿಲ್ಲ ಮಾರಾಯ್ತಿ" ಎಂದರು. ನಾನು ನಂಬಲಿಲ್ಲ. ಎರಡನೆಯ ಮಾತೂ ಇವರಿಗೆ ಗೊತ್ತುಂಟೋ ಪರೀಕ್ಷೆ ಮಾಡುವ ಎಂದು, "ಮಜೀದರ ಅಂಗಡಿಯಿಂದ ಮಗುವಿಗೆ ಬಟ್ಟೆ ತನ್ನಿ" ಎಂದು ಅವರ ಮುಖವನ್ನೇ ನೋಡಿದೆ.

"ಆಯ್ತು, ಅವರಲ್ಲಿ ಒಳ್ಳೆ ಬಟ್ಟೆ ಸಿಕ್ತದೆ" ಎಂದು ಕೊಡೆ ಹಿಡಿದು ಹೊರಟರು. ಮುಖದಲ್ಲಿ ಏನೂ ಇರಲಿಲ್ಲ.

ಅವರು ಅತ್ತ ಹೋದದ್ದೇ, ಅತ್ತೆ ದನದ ಹಟ್ಟಿಯಲ್ಲಿದ್ದಾಗ, ನಾನು ಮಗುವನ್ನೆತ್ತಿ ಬಾವಿಯ ಹತ್ತಿರ ನಿಂತಿದ್ದೆ. ಹೇಗೆ ಹೋದೆನೋ ತಿಳಿಯದು. ಒಂದು ಕೈಯಲ್ಲಿ ಹಲಗೆ ಎಳೆದೆ, ಅಲುಗಲಿಲ್ಲ. ಮಗು ಅತ್ತಿತು. ನಾನು "ಅತ್ತೇ" ಎಂದು ಕಿರುಚಿದೆ. ಓಡಿ ಬಂದವರು ಮೊದಲು ಮಗುವನ್ನು ತೆಗೆದುಕೊಂಡರು, ಆಮೇಲೆ ನನ್ನನ್ನೂ ಅಪ್ಪಿಕೊಂಡರು.

ಮಗು ಬದುಕಿದೆ, ಅಮ್ಮ. ನೀವು ಬಾಯಿ ಬಿಟ್ಟದ್ದರಿಂದಲೇ ಬದುಕಿದೆ. ಆದರೂ ಒಂದು ಕೇಳುತ್ತೇನೆ: ಹೇಳುವ ಮೊದಲು ನನಗೊಂದು ಮಾತು ತಿಳಿಸಬಾರದಿತ್ತೇ? "ಇದನ್ನು ಮುಚ್ಚಿಡಲು ನನ್ನಿಂದಾಗದು" ಎಂದಿದ್ದರೆ ಅಳುತ್ತಿದ್ದೆ, ಜಗಳವಾಡುತ್ತಿದ್ದೆ. ಆದರೆ ನನ್ನ ಮನೆಯಲ್ಲೇ ಕಳ್ಳಿಯ ಹಾಗೆ ಎಲ್ಲರ ಮುಖ ನೋಡುತ್ತಾ ತಿರುಗುತ್ತಿರಲಿಲ್ಲ.

ಬರುವ ವಾರ ಬರುತ್ತೇನೆ, ಔಷಧಿಗೂ ಮಾತಿಗೂ. ಯಾವುದು ನಿಮ್ಮಲ್ಲಿ ಉಳಿಯುತ್ತದೆ, ಯಾವುದು ಉಳಿಯುವುದಿಲ್ಲ ಎಂದು ಮೊದಲು ನೀವು ಹೇಳಿ. ಆಮೇಲೆ ನಾನು ಬಾಯಿ ತೆರೆಯುತ್ತೇನೆ.

ಈ ಕಾಗದವನ್ನು ಓದಿ ಒಲೆಗೆ ಹಾಕಿ. ಹಾಕಿದ್ದೀರೆಂದು ನಾನು ನಂಬಬೇಕಷ್ಟೆ.

ನಿಮ್ಮ ಕೈಗುಣ ನನ್ನಂಥ ತಾಯಂದಿರಿಗೆಲ್ಲ ಒದಗಲಿ.

ಇತಿ, ಇನ್ನೂ ಅರ್ಧ ನಂಬಿರುವ,
ಪದ್ಮಾಕ್ಷಿ